ಹೊಳೆ ಎಷ್ಟು ಗಂಟೆಗೆ ಇಳಿಯುತ್ತೆ?

2023ರ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ಮೇಲೆ ವಿಪರೀತ ಹಿಮ ಬಿದ್ದಿತ್ತು. ಏಪ್ರಿಲ್ ಆರಂಭದ ಅಳತೆಯಲ್ಲಿ ಅದು ವಾಡಿಕೆಯ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಅಲ್ಲಿಯ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಟಯೋಗಾ ರಸ್ತೆ ತೆರೆದದ್ದೇ ಜುಲೈ 22ಕ್ಕೆ. ನಮ್ಮ ಚಾರಣದ ಪರ್ಮಿಟ್ ಇದ್ದದ್ದು ಆ ತಿಂಗಳ ಕೊನೆಗೆ. ಟುವಾಲಮಿ ಮೆಡೋಸ್‌ನಿಂದ ಹೊರಟು, ಬೆಟ್ಟಸಾಲು ದಾಟುವ ಡಾನಹ್ಯೂ ಪಾಸ್ ಹತ್ತಿಳಿದು, ಥೌಸಂಡ್ ಐಲೆಂಡ್ ಲೇಕ್ ಮುಟ್ಟಿ, ಅದೇ ದಾರಿಯಲ್ಲಿ ವಾಪಸ್ ಬರೋದು ಅಂತ ಲೆಕ್ಕ.

"ರಸ್ತೆ ತೆರೆದಾಯ್ತಲ್ಲೋ, ಇನ್ನೇನು ನೋಡೋದಿದೆ?" ಅಂದ ಗೆಳೆಯ. ರಸ್ತೆಯ ಹಿಮವನ್ನು ಯಂತ್ರ ತೆಗೆಯುತ್ತದೆ. ಕಾಲುದಾರಿಯದನ್ನು ಬಿಸಿಲೇ ತೆಗೆಯಬೇಕು, ಅಲ್ವಾ? ಅದೂ ಈ ಪಾಸ್ ಇರುವುದು 11,056 ಅಡಿ ಎತ್ತರದಲ್ಲಿ. ಹೊರಡುವ ಮುಂಚಿನ ಭಾನುವಾರ ಪೂರ್ತಿ ದಾರಿ ಹೇಗಿದೆ ಅಂತ ತಿಳಿಯೋದಕ್ಕೇ ಹೋಯಿತು.

ಮೊದಲು ಹೋಗಿಬಂದವರು ಬರೆದದ್ದನ್ನು ಓದಿದೆವು. ಒಬ್ಬರಿಗೆ ದಾರಿ ಸಲೀಸು, ಇನ್ನೊಬ್ಬರಿಗೆ ಜೀವಭಯ. ಹೊಳೆಯಲ್ಲಿ ಮೊಣಕಾಲುದ್ದ ನೀರು ಅಂತ ಒಬ್ಬರು ಬರೆದಿದ್ದರು. ಯಾರ ಮೊಣಕಾಲು? ಯಾವ ಹೊತ್ತಿನಲ್ಲಿ? ತಾರೀಕು, ಜಾಗ, ಗಂಟೆ ಇಲ್ಲದ ಮಾತನ್ನೆಲ್ಲ ನಾನು ಪಕ್ಕಕ್ಕಿಟ್ಟೆ. ಉಳಿದದ್ದು ತೀರಾ ಕಡಿಮೆ.

ಆಮೇಲೆ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ತೆರೆದೆವು. ಅವು ಐದು ದಿನಕ್ಕೊಮ್ಮೆ ಹೊಸದಾಗಿ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಮಾಮೂಲಿ ಚಿತ್ರದಲ್ಲಿ ಹಿಮವೂ ಬಿಳಿ, ಮೋಡವೂ ಬಿಳಿ. ಇನ್‌ಫ್ರಾರೆಡ್ ಚಿತ್ರಕ್ಕೆ ಬದಲಿಸಿದರೆ ಹಿಮ ಮಾತ್ರ ನೀಲಿಯಾಗಿ ಬೇರೆ ಕಾಣುತ್ತದೆ. ಪಾಸ್‌ನ ಉತ್ತರ ಮಗ್ಗುಲು ಇನ್ನೂ ನೀಲಿ. ಬಿಸಿಲು ನೇರ ಬೀಳುವ ದಕ್ಷಿಣ ಮಗ್ಗುಲಲ್ಲಿ ಅಲ್ಲಲ್ಲಿ ತೇಪೆಗಳಷ್ಟೇ. ಮರಗಳ ಕೆಳಗೆ ಏನಿದೆ ಅನ್ನೋದು ಮಾತ್ರ ಈ ಚಿತ್ರಕ್ಕೆ ಕಾಣದು.

ಗೆಳೆಯನ ಚಿಂತೆಯೆಲ್ಲ ಹಿಮದ್ದು. ನನಗೆ ಹೆದರಿಕೆ ಇದ್ದದ್ದು ಪಾಸ್‌ನ ಆಚೆ ದಾಟಬೇಕಾದ ರಷ್ ಕ್ರೀಕ್ ಹೊಳೆಯದು. ಕರಗಿದ ಹಿಮ ಎಲ್ಲಿಗಾದರೂ ಹೋಗಲೇಬೇಕಲ್ಲ. ಪಕ್ಕದ ಮರ್ಸೆಡ್ ನದಿಗೆ ಹ್ಯಾಪಿ ಐಲ್ಸ್‌ನಲ್ಲಿ 1915ರಿಂದ ಇರುವ, ನೀರಿನ ಹರಿವು ಅಳೆಯುವ ಕೇಂದ್ರದ ಗ್ರಾಫ್ ನೋಡಿದೆವು. ಗೆರೆ ದಿನಕ್ಕೊಮ್ಮೆ ಏರಿ ಇಳಿಯುತ್ತಿತ್ತು. ಮಧ್ಯಾಹ್ನ ಕರಗಿದ ನೀರು ಅಷ್ಟು ದೂರ ಹರಿದು ಬರುವಾಗ ರಾತ್ರಿಯಾಗುತ್ತದೆ. ರಷ್ ಕ್ರೀಕ್‌ನ ನಮ್ಮ ಜಾಗ ಹಿಮದ ಬುಡದಲ್ಲೇ ಇದೆ. ಅಲ್ಲಿ ಸಂಜೆಗೇ ತುಂಬಿ, ಬೆಳಗಾಗುವ ಹೊತ್ತಿಗೆ ಇಳಿದಿರಬೇಕು.

ಮಾರನೇ ದಿನ ರೇಂಜರ್ ಕಚೇರಿಗೆ ಫೋನ್ ಮಾಡಿದೆ. "ದಾರಿ ಹೇಗಿದೆ?" ಅಂತ ಕೇಳಿದರೆ "ಅದು ನಿಮ್ಮ ಅನುಭವದ ಮೇಲೆ ಹೋಗುತ್ತೆ" ಅನ್ನೋ ಉತ್ತರವೇ ಬರೋದು. ಅವರ ತಪ್ಪಲ್ಲ, ನಾನು ಯಾರು ಏನು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಬೇರೆ ಥರ ಕೇಳಿದೆ. ಹಿಮ ಎಲ್ಲಿಂದ ಶುರುವಾಗುತ್ತೆ? ಆ ಕಡೆಯಿಂದ ಕೊನೆಗೆ ಬಂದವರು ಯಾವತ್ತು ಬಂದರು? ಹೊಳೆಯನ್ನು ಎಷ್ಟು ಹೊತ್ತಿಗೆ ದಾಟಿದರಂತೆ? ಆ ಹೆಣ್ಣುಮಗಳು ಪುಸ್ತಕ ತಿರುವಿ ನೋಡಿ ಹೇಳಿದರು: ಕೊನೆಯ ಸುದ್ದಿ ಐದು ದಿನ ಹಳೆಯದು, ಅವರು ದಾಟಿದ್ದು ಸಂಜೆ, ಸೊಂಟದವರೆಗೆ ನೀರು.

ಇಲ್ಲೊಂದು ಇಕ್ಕಟ್ಟು. ಬೆಳಗಿನ ಜಾವ ಪಾಸ್‌ನ ಹಿಮ ಗಾಜಿನಂತೆ ಗಟ್ಟಿ, ಕಾಲು ಜಾರುತ್ತದೆ. ಮಧ್ಯಾಹ್ನ ಮೆತ್ತಗಾಗಿ ತೊಡೆಯವರೆಗೆ ಹೂತುಕೊಳ್ಳುತ್ತದೆ. ಪಾಸ್ ಹತ್ತೋಕೆ ಒಳ್ಳೆ ಹೊತ್ತು ಬೆಳಿಗ್ಗೆ ಒಂಬತ್ತು ಹತ್ತು ಗಂಟೆ. ಹೊಳೆಗೆ ಮಾತ್ರ ನಸುಕೇ ಆಗಬೇಕು. ಎರಡೂ ಒಂದೇ ದಿನ ಹೊಂದಲ್ಲ. ಒಂದು ರಾತ್ರಿ ಜಾಸ್ತಿ ಸೇರಿಸಿ, ಹೊಳೆಗೆ ಮುಂಚೆಯೇ ಟೆಂಟ್ ಹಾಕೋದು ಅಂತ ತೀರ್ಮಾನಿಸಿದೆವು. ಗೆಳೆಯ ಗೊಣಗಿದ, ಒಂದು ದಿನದ ರಜೆ ಜಾಸ್ತಿ ಹಾಕಬೇಕಲ್ಲ.

ಪಾಸ್ ಇಳಿದು ಹೊಳೆ ಹತ್ತಿರ ಬಂದಾಗ ಸಂಜೆ ನಾಲ್ಕು. ನೀರು ನೊರೆಯೆದ್ದು ಹರಿಯುತ್ತಿತ್ತು, ತಳದಲ್ಲಿ ಕಲ್ಲು ಉರುಳುವ ಸದ್ದು. ಗೆಳೆಯ ಕೋಲಿಳಿಸಿ ಆಳ ನೋಡಿದ, ಏನೂ ಹೇಳದೆ ಟೆಂಟ್ ಹಾಕೋಕೆ ಶುರು ಮಾಡಿದ. ನೀರಿನಿಂದ ನೂರು ಅಡಿ ದೂರ ಇರಬೇಕೆಂಬುದು ಅಲ್ಲಿಯ ನಿಯಮ. ಸೊಳ್ಳೆಗಳಿಗೆ ಅಂಥ ನಿಯಮವೇನೂ ಇದ್ದಂತಿರಲಿಲ್ಲ.

ಬೆಳಿಗ್ಗೆ ಐದೂವರೆಗೆ ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿಕೊಂಡು ನೀರಿಗಿಳಿದೆವು. ಬಿದ್ದರೆ ಚೀಲ ಕಳಚಿಹೋಗಬೇಕು, ಅದಕ್ಕೆ. ನೀರು ನನ್ನ ಮೊಣಕಾಲು ಮುಟ್ಟಲಿಲ್ಲ. ಪಾದ ಮಾತ್ರ ಮರಗಟ್ಟಿತು.

ವಾಪಸ್ ಬಂದು ಕಚೇರಿಯಲ್ಲಿ ಇದನ್ನೇ ಹೇಳಿದೆವು. ಎಷ್ಟು ಆಳ ಅಂತ ಹೇಳುವಷ್ಟರಲ್ಲಿ ರೇಂಜರ್ ತಡೆದು, "ಮೊದಲು ಗಂಟೆ ಹೇಳಿ" ಅಂದರು.