ಕೆಲಸಕ್ಕೂ ಜೀವ ಇದೆ

ನಿನ್ನೆ ರಾತ್ರಿ ‘ಕ್ರೈಸ್ಟ್ ಇನ್ ಕಾಂಕ್ರೀಟ್’ ಓದಿ ಮುಗಿಸಿದೆ. ಪಿಯೆಟ್ರೊ ಡಿ ಡೊನಾಟೊ ಬರೆದ 1939ರ ಕಾದಂಬರಿ. ನ್ಯೂಯಾರ್ಕಿನಲ್ಲಿ ಗಾರೆ ಕೆಲಸ ಮಾಡುವ ಇಟಲಿಯ ವಲಸಿಗರ ಕಥೆ.

ಗುಡ್ ಫ್ರೈಡೇ ದಿನ ಕಟ್ಟಡ ಕುಸಿಯುತ್ತದೆ. ಜೆರೆಮಿಯೊನನ್ನು ಹಸಿ ಕಾಂಕ್ರೀಟು ಜೀವಂತ ನುಂಗುತ್ತದೆ. ಹನ್ನೆರಡರ ಮಗ ಪೌಲ್ ಅಪ್ಪನ ಕರಣೆ ಹಿಡಿಯುತ್ತಾನೆ. ಲೇಖಕರ ಅಪ್ಪನೂ 1923ರ ಗುಡ್ ಫ್ರೈಡೇ ದಿನವೇ ಕೆಲಸದ ಜಾಗದಲ್ಲಿ ತೀರಿಕೊಂಡರು. ಇದು ಗೊತ್ತಾದ ಮೇಲೆ ಆ ಮೊದಲ ಅಧ್ಯಾಯವನ್ನು ಮತ್ತೆ ಓದೋಕೆ ಧೈರ್ಯ ಬರಲಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಒಂದು ಸಣ್ಣ ವಿಷಯ. ಇಲ್ಲಿ ‘ಜಾಬ್’ ಅನ್ನೋದು ಬರೀ ಕೆಲಸವಲ್ಲ, ಒಂದು ಪಾತ್ರ. ಅದರ ಮುಂಚೆ ಇಂಗ್ಲಿಷಿನ ‘ದ’ (the) ಇಲ್ಲ, ದೊಡ್ಡಕ್ಷರದಲ್ಲಿ (ಕ್ಯಾಪಿಟಲ್), ಮನುಷ್ಯರ ಹೆಸರಿನ ಹಾಗೆ ಬರುತ್ತದೆ. ಅನ್ನ ಕೊಡುವುದೂ ಅದೇ, ಜೀವ ತೆಗೆಯುವುದೂ ಅದೇ. ಇವರು ಶಿಲುಬೆಯ ಮುಂದೆ ಮಂಡಿಯೂರುತ್ತಾರೆ, ಆದರೆ ಬೆಳಗಾದರೆ ತಲೆಬಾಗುವುದು ಈ ‘ಜಾಬ್’ಗೇ.

ಮಾತುಗಳೂ ಹಾಗೇ. ಇಂಗ್ಲಿಷಿನಲ್ಲಿದ್ದರೂ ಕಿವಿಗೆ ಇಟಾಲಿಯನ್ನೇ ಬೀಳುತ್ತದೆ. ಕನ್ನಡದಲ್ಲಿ ‘ದ’ಯೂ ಇಲ್ಲ, ದೊಡ್ಡಕ್ಷರವೂ ಇಲ್ಲ. ಆ ‘ಜಾಬ್’ಅನ್ನು ಹೇಗೆ ತರೋದು? ‘ಕೆಲಸ ಕಾಯ್ತಾ ಇದೆ’ ಅಂದರೆ ಸಾಕಾ? ಬೆಳಗ್ಗೆಯಿಂದ ಇದೇ ಯೋಚನೆ.