ಸಿ, ಜಿ ಮತ್ತು ಒಂದು ಲೋಟ ನೀರು

ನಾನು ವಾಕ್ ಚಿಕಿತ್ಸಕಿ. ಪಾರ್ಶ್ವವಾಯು, ತಲೆಗೆ ಪೆಟ್ಟು, ಪಾರ್ಕಿನ್ಸನ್ ಕಾಯಿಲೆ ಇಂಥವುಗಳಿಂದ ಮಾತು ಕೆಟ್ಟವರ ಜೊತೆ ನನ್ನ ದಿನ ಕಳೆಯುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಮಾಡಿದ ತಪ್ಪು ಒಂದೇ ಅಕ್ಷರದ್ದು.

ಹಿರಿಯ ರೋಗಿಯೊಬ್ಬರ ಕೇಸ್ ಶೀಟಿನಲ್ಲಿ ಡಿಸ್ಫೇಜಿಯಾ ಎಂದು ಬರೆಯಬೇಕಿತ್ತು. ಅವಸರದಲ್ಲಿ ಡಿಸ್ಫೇಸಿಯಾ ಎಂದು ಬರೆದುಬಿಟ್ಟೆ. ಮೊದಲನೆಯದು ನುಂಗುವ ತೊಂದರೆ, ಎರಡನೆಯದು ಭಾಷೆಯ ತೊಂದರೆ. ರಾತ್ರಿ ಪಾಳಿಯ ನರ್ಸ್ ಅದನ್ನು ಓದಿ, ಮಾತು ತಾನೇ ಬಾರದು, ನೀರಿಗೇನು ಅಡ್ಡಿ ಎಂದುಕೊಂಡು ಲೋಟ ಕೊಟ್ಟರು. ಎರಡನೇ ಗುಟುಕಿಗೇ ಕೆಮ್ಮು ಹತ್ತಿತು. ಆಮೇಲೆ ಆ ಹಿರಿಯರು ನರಳಿದಾಗ ಗಂಟಲಲ್ಲಿ ನೀರು ನಿಂತಂತೆ ಗುಳುಗುಳು ಸದ್ದು. ಪುಣ್ಯಕ್ಕೆ ಶ್ವಾಸಕೋಶಕ್ಕೆ ಸೋಂಕು ತಗಲಲಿಲ್ಲ. ಕೆಮ್ಮಿದ್ದೇ ಒಳ್ಳೆಯದಾಯಿತು. ಕೆಲವರಿಗೆ ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ನರ್ಸ್ ಮೇಲೆ ನನಗೆ ದೂರಿಲ್ಲ. ಅವರು ನನ್ನ ಬರಹವನ್ನು ನಂಬಿದ್ದರು, ಅಷ್ಟೆ.

ಅಂದಿನಿಂದ ಡಿಸ್ಫೇಸಿಯಾ ಎಂಬ ಪದವನ್ನೇ ಬಿಟ್ಟು ಅಫೇಸಿಯಾ ಎಂದು ಬರೆಯುತ್ತೇನೆ. ಈಗ ಈ ವೃತ್ತಿಯಲ್ಲಿ ಬಹುತೇಕರದ್ದು ಇದೇ ರೂಢಿ. ಗ್ರೀಕಿನ ಆ 'ಅ' ನಮ್ಮ 'ಅಶಕ್ತ'ದ 'ಅ'ಗೆ, 'ಡಿಸ್' ನಮ್ಮ 'ದುಸ್ಸಾಧ್ಯ'ದ 'ದುಸ್'ಗೆ ದಾಯಾದಿಗಳೇ. ಪದದ ಅರ್ಥ ಹಿಡಿದು ಹೊರಟರೆ ಅಫೇಸಿಯಾ ಎಂದರೆ ಮಾತು ಪೂರ್ತಿ ಇಲ್ಲವೆಂದಾಗುತ್ತದೆ, ಆದರೆ ಬಳಕೆಯಲ್ಲಿ ಸ್ವಲ್ಪ ಕೆಟ್ಟಿದ್ದರೂ ಅದೇ ಹೆಸರು. ಹೆಸರಿನ ಗೊಂದಲ ಹಳೆಯದು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, 'ಟಾನ್' ಎಂಬ ಒಂದೇ ಸದ್ದು ಉಳಿದಿದ್ದ ರೋಗಿಯ ಮೆದುಳನ್ನು ಆತ ತೀರಿಕೊಂಡ ಮೇಲೆ ಪರೀಕ್ಷಿಸಿ, ಎಡಭಾಗದ ಮುಂದಿನ ಹಾಲೆಯಲ್ಲಿ ಹಾನಿ ಗುರುತಿಸಿದರು. ಅವರಿಟ್ಟ ಹೆಸರು ಅಫೇಮಿಯಾ. 1864ರಲ್ಲಿ ಅದೇ ಊರಿನ ಇನ್ನೊಬ್ಬ ವೈದ್ಯ ಟ್ರೂಸೋ ಅದನ್ನು ಬದಿಗಿಟ್ಟು ಅಫೇಸಿಯಾ ಎಂದರು.

ಮನೆಯವರು ಮಾತ್ರ ಎಲ್ಲಕ್ಕೂ 'ಬಾಯಿ ಬಿದ್ದುಹೋಗಿದೆ' ಎನ್ನುತ್ತಾರೆ. ಅದರೊಳಗೆ ಏನೇನೋ ಅಡಗಿರುತ್ತದೆ. ಡಿಸಾರ್ಥ್ರಿಯಾದಲ್ಲಿ ಭಾಷೆಗೆ ಏನೂ ಆಗಿರುವುದಿಲ್ಲ. ತುಟಿ, ನಾಲಿಗೆ, ಗಂಟಲಿನ ಸ್ನಾಯುಗಳು ಹೇಳಿದಂತೆ ಕೇಳುವುದಿಲ್ಲ. ಅಂಥ ಒಬ್ಬರ ಮುಂದೆಯೇ ಅವರ ಮಗ ನನಗೆ, "ಅಪ್ಪನಿಗೆ ಈಗ ಏನೂ ಅರ್ಥವಾಗುವುದಿಲ್ಲ ಮೇಡಂ" ಎಂದ. ಅಪ್ಪ ಕೈಸನ್ನೆಯಲ್ಲಿ ಪೆನ್ನು ಕೇಳಿ, ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ದುಂಡಗೆ ಬರೆದರು: 'ನನಗೆ ಕೆಟ್ಟಿರುವುದು ನಾಲಿಗೆ. ತಲೆಯಲ್ಲ.' ರೋಗನಿರ್ಣಯದ ಅರ್ಧ ಕೆಲಸವನ್ನು ಅವರೇ ಮುಗಿಸಿಕೊಟ್ಟರು. ಅಫೇಸಿಯಾ ಆಗಿದ್ದರೆ ಸಾಮಾನ್ಯವಾಗಿ ಬರವಣಿಗೆಯೂ ಎಡವುತ್ತದೆ.

ಅಪ್ರಾಕ್ಸಿಯಾ ಬೇರೆಯೇ ಜಾತಿ. ಸ್ನಾಯುವಿನಲ್ಲಿ ಬಲವಿದೆ, ಪದವೂ ಗೊತ್ತು, ಆದರೆ ಬಾಯಿಯನ್ನು ಯಾವ ಕ್ರಮದಲ್ಲಿ ಆಡಿಸಬೇಕೆಂಬುದು ತಪ್ಪಿಹೋಗಿದೆ. ತುಟಿಗಳು ಕತ್ತಲೆಯಲ್ಲಿ ಸ್ವಿಚ್ಚು ತಡಕಿದಂತೆ ತಡಕುತ್ತವೆ. ಇವು ಒಬ್ಬರಲ್ಲೇ ಸೇರಿಕೊಂಡು ಬರುವುದೂ ಉಂಟು, ಆಗ ನನಗೂ ತಲೆಬಿಸಿ.

ಈಗ ನಾನು ಪದ ಬರೆದು ಅಲ್ಲಿಗೇ ನಿಲ್ಲಿಸುವುದಿಲ್ಲ. ಡಿಸ್ಫೇಜಿಯಾ ಎಂದು ಬರೆದರೆ ಕೆಳಗೆ 'ತೆಳು ನೀರು ಬೇಡ, ನೆಟ್ಟಗೆ ಕೂರಿಸಿ, ಗಟ್ಟಿ ಮಾಡಿದ ದ್ರವವನ್ನು ಚಮಚದಲ್ಲಿ ಕೊಡಿ' ಎಂದು ಸೇರಿಸುತ್ತೇನೆ. ಕಳೆದ ವಾರ ಅಫೇಸಿಯಾ ಇರುವ ಒಬ್ಬ ಮಹಿಳೆಯನ್ನು ಇವತ್ತು ಯಾವ ವಾರ ಎಂದು ಕೇಳಿದೆ. ಬಾಯಿ ತೆರೆದರು, ಪದ ಬರಲಿಲ್ಲ. ಕಣ್ಣು ಮುಚ್ಚಿ "ಭಾನುವಾರ, ಸೋಮವಾರ" ಎಂದು ಶುರುಮಾಡಿ ಬುಧವಾರಕ್ಕೆ ಬಂದು ಗಕ್ಕನೆ ನಿಂತು ಬೆರಳೆತ್ತಿದರು. ಬುಧವಾರವೇ ಆಗಿತ್ತು. ಕೇಸ್ ಶೀಟಿನಲ್ಲಿ ಬರೆದೆ: 'ಅಫೇಸಿಯಾ. ವಾರ ಕೇಳಿದರೆ ಭಾನುವಾರದಿಂದ ಎಣಿಸಿಕೊಂಡು ಬರುತ್ತಾರೆ. ಮಧ್ಯೆ ಬಾಯಿ ಹಾಕಬೇಡಿ.'