ಕರೆಂಟಿಲ್ಲದ ಮನೆಯಲ್ಲಿ ಟಿ.ವಿ. ಹ್ಯಾಂಗೆ ನೋಡ್ದ?

2025 ಜುಲೈ 11, ಶುಕ್ರವಾರ
ಕಾಜುಬಾಗ, ಕಾರವಾರ. ರಾತ್ರಿ 11.20

ಕರೆಂಟ್ ಹೋಗಿ ಮೂರು ತಾಸಾಯ್ತು. ಲ್ಯಾಪ್‌ಟಾಪ್‌ನಲ್ಲಿ ಶೇಕಡಾ 24 ಚಾರ್ಜ್ ಉಳಿದಿದೆ. ಬುದ್ಧಿ ಇದ್ದವರು ಅದನ್ನ ಉಳಿಸಿಕೊಂಡು ಮಲಗುತ್ತಾರೆ. ಆದರೆ ಇವತ್ತಿನದನ್ನ ಇವತ್ತೇ ಬರೆಯದಿದ್ದರೆ ನಾಳೆ ಹೊತ್ತಿಗೆ ಇದು ಬರೀ ಒಂದು ತಮಾಷೆಯ ಕಥೆಯಾಗಿಬಿಡುತ್ತದೆ.

ದೊಡ್ಡಪ್ಪ ನಿನ್ನೆ ಬಂದ. ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ಸು ಬದಲಿಸಿ, ಒಂದು ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬ, ಕಂಕುಳಲ್ಲಿ ಆ ಕಾಗದದ ಚೀಲ. ಶಿರೂರು ಗುಡ್ಡ ದಾಟುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲವಂತೆ. ಬರುವ ಬುಧವಾರಕ್ಕೆ ಆ ಗುಡ್ಡ ಕುಸಿದು ಒಂದು ವರ್ಷ.

ಚೀಲದಲ್ಲಿರೋದು ಬೆಟ್ಟದ ಗಡಿ ತಕರಾರಿನ ಕಾಗದ, ತಕರಾರು ನಾನು ಹುಟ್ಟುವ ಮೊದಲಿನದು. ಇವತ್ತು ಬೆಳಿಗ್ಗೆ ಕಚೇರಿಗೆ ಹೋದರೆ ನೋಡಬೇಕಾದವರು ರಜೆ. ನಾಳೆ ಎರಡನೇ ಶನಿವಾರ. ನಾಡಿದ್ದು ಭಾನುವಾರ. ಸೋಮವಾರ ಬನ್ನಿ ಅಂದರಂತೆ. ಊರಲ್ಲಿ ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲದ ಮದ್ದು ಹೊಡೆಯೋದು ಬಾಕಿ ಇದೆ. ಒಂದು ದಿನ ಮಳೆ ಬಿಟ್ಟು ಹೊಳವಾದರೆ ಬರುತ್ತೇನೆ ಅಂದಿದ್ದಾನೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ. ಹೊಳವಾಗುವ ದಿನ ಕೊನೆಗೌಡ ಸಿಗಬೇಕು, ಕೊನೆಗೌಡ ಸಿಗುವ ದಿನ ಹೊಳವಾಗಬೇಕು. ಈಗ ಎರಡೂ ಕೂಡಿ ಬಂದರೂ ತೋಟದ ಯಜಮಾನ ಕಾರವಾರದಲ್ಲಿ ಕೂತು ನನ್ನ ಬಾಡಿಗೆ ಮನೆಯ ಕಿಟಕಿಯಿಂದ ಮಳೆ ನೋಡುತ್ತಿದ್ದಾನೆ.

ನಾನಾದರೂ ರಜೆ ಹಾಕಬಹುದಿತ್ತು. ಹಾಕಲಿಲ್ಲ.

ಸಂಜೆ ಮನೆಗೆ ಬಂದಾಗ ಎಂದಿನಂತೆ ಪರ್ಸೋನಾ 4 ಗೋಲ್ಡನ್ ಅನ್ನುವ ಜಪಾನಿ ವಿಡಿಯೋ ಗೇಮ್ ತೆಗೆದೆ. ಮಳೆಗಾಲಕ್ಕೆ ಒಂದು ಸಲ ಅದನ್ನ ಆಡೋದು 2020ರಿಂದ ನಡೆದುಬಂದ ಪದ್ಧತಿ. ಆ ವರ್ಷ ಜೂನ್‌ನಲ್ಲಿ ಅದು ಪಿ.ಸಿ.ಗೆ ಬಂತು. ಲಾಕ್‌ಡೌನ್, ಊರ ಮನೆ, ಹೊರಗೆ ಧೋ ಅಂತ ಮಳೆ. ಆಟದಲ್ಲೂ ಅದೇ. ಇನಾಬಾ ಅಂತ ಒಂದು ಸಣ್ಣ ಊರು, ಪೇಟೆ ಹುಡುಗನೊಬ್ಬ ಒಂದು ವರ್ಷದ ಮಟ್ಟಿಗೆ ಸೋದರಮಾವನ ಮನೆಗೆ ಬರುತ್ತಾನೆ. ಮಳೆ ಬರುವ ರಾತ್ರಿ 12 ಗಂಟೆಗೆ ಆರಿಸಿಟ್ಟ ಟಿ.ವಿ.ಯಲ್ಲಿ ಒಂದು ಮುಖ ಕಾಣುತ್ತದೆ. ಕೆಲವು ದಿನ ಬಿಡದೆ ಮಳೆ ಹೊಡೆದು ಮಂಜು ಮುಸುಕಿತು ಅಂದರೆ ಟಿ.ವಿ. ಒಳಗೆ ಸಿಕ್ಕಿಬಿದ್ದವರು ಸತ್ತಂತೆ. ಹಾಗಾಗಿ ಹವಾಮಾನ ವರದಿ ನೋಡಿಕೊಂಡೇ ಆಡಬೇಕು. ಈ ನಿಯಮ ಕಾರವಾರಕ್ಕೆ ಹಾಕಿದರೆ ಜೂನ್ ಕಳೆಯುವುದರೊಳಗೆ ಊರು ಖಾಲಿ.

ಕಳೆದ ತಿಂಗಳು ಅದನ್ನ ಹೊಸದಾಗಿ ಮಾಡುತ್ತೇವೆ ಅಂತ ಘೋಷಿಸಿದರು. ಖುಷಿಯಾಗಬೇಕಿತ್ತು. ನನಗೆ ಸ್ವಲ್ಪ ಹೆದರಿಕೆಯೇ ಆಯಿತು. ಚಿತ್ರ ಚಂದ ಮಾಡುತ್ತಾರೆ, ಸರಿ. ಆದರೆ ಆ ಬೇಸರ ಬರುವಷ್ಟು ನಿಧಾನದ ಮೊದಲ ಮೂರು ತಾಸು ಇದೆಯಲ್ಲ, ಅದನ್ನ ಕತ್ತರಿಸಿದರೆ ಏನು ಗತಿ? ಏನೂ ಆಗೋದಿಲ್ಲ ಆ ಮೂರು ತಾಸಿನಲ್ಲಿ. ಶಾಲೆಗೆ ಹೋಗು, ಮನೆಗೆ ಬಾ, ಮಾವನ ಮಗಳ ಜೊತೆ ಕೂತು ಊಟ ಮಾಡು. ಮುಂದೆ ಅವಳಿಗೆ ತೊಂದರೆಯಾದಾಗ ನನ್ನ ಕೈ ನಡುಗೋದು ಆ ಊಟಗಳ ದೆಸೆಯಿಂದ. ಇದು ಅರ್ಥವಾಗದವರು ಯೂಟ್ಯೂಬಿನಲ್ಲಿ 'ಹತ್ತು ತಾಸಾದ ಮೇಲೆ ಚೆನ್ನಾಗಿದೆ' ಅಂತ ವಿಮರ್ಶೆ ಮಾಡುತ್ತಾರೆ.

ಆಯಿ ಫೋನ್ ಮಾಡಿದ್ದಳು. ಅದೇ ಮಾತು. ಒಂದು ಜಾತಕ ಬಂದಿದೆ, ಹುಡುಗಿ ಬೆಂಗಳೂರಲ್ಲಿ, ನೀನು ಕಾರವಾರ ಬಿಡುತ್ತೀಯಾ ಅಂತ ಕೇಳಿದ್ದಾರೆ. ಪರ್ಸೋನಾದಲ್ಲಿ ವಾರಕ್ಕೆರಡು ಸಲ ಮಾತಾಡಿಸಿ, ಸರಿಯಾದ ಉತ್ತರ ಆರಿಸಿದರೆ ಹತ್ತು ಹಂತದಲ್ಲಿ ಸಂಬಂಧ ಗಟ್ಟಿಯಾಗುತ್ತದೆ. ಇಲ್ಲಿ ಮೊದಲ ಪ್ರಶ್ನೆಯಲ್ಲೇ ನಪಾಸು. ಮುಂದೆ ಹೋಗೋಣ.

ಎಂಟೂವರೆಗೆ ಊಟ ಮುಗಿಯುವ ಹೊತ್ತಿಗೆ ಕರೆಂಟ್ ಹೋಯಿತು. ಕೆಳಗಡೆ ಮನೆಯವರು ಕೊಂಕಣಿಯಲ್ಲಿ ಯಾರಿಗೋ ಬೈಯುವುದು ಕೇಳಿತು. ದೊಡ್ಡಪ್ಪ ಕಾಗದದ ಚೀಲ ಬಿಚ್ಚೋದು, ಕಟ್ಟೋದು, ಬಿಚ್ಚೋದು. ನೋಡಲಾಗಲಿಲ್ಲ. 'ಒಂದು ಕೋರ್ಟ್ ಕೇಸು ತೋರಿಸ್ತೆ ಬಾ' ಅಂತ ಲ್ಯಾಪ್‌ಟಾಪ್ ಅವನ ಕಡೆ ತಿರುಗಿಸಿದೆ. ಏಸ್ ಅಟಾರ್ನಿ ಅಂತ ವಕೀಲನೊಬ್ಬನ ವಿಡಿಯೋ ಗೇಮ್, ಅದರ ಮೊದಲನೇ ಕೇಸು. ಸುಮ್ನೆ ಹತ್ತು ನಿಮಿಷ ಹೊತ್ತು ಹೋಗಲಿ ಅಂತ.

ಕನ್ನಡದಲ್ಲಿ ಇಂಥ ಆಟ ಒಂದೂ ನಾನು ಕಂಡಿಲ್ಲ. ಹಾಗಾಗಿ ಒಂದೊಂದು ಸಾಲನ್ನೂ ನಾನು ಓದಿ ನಮ್ಮ ಮಾತಿಗೆ ತಿರುಗಿಸಿ ಹೇಳಬೇಕು. ದೊಡ್ಡಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿ ಐದು ನಿಮಿಷ ನೋಡಿದ. ಆಮೇಲೆ ಕೇಳಿದ, "ಇವ್ಕೆ ಕೈಕಾಲು ಅಲ್ಲಾಡ್ತಿಲ್ಯನ?"

ಇಲ್ಲ. ಅಲ್ಲಾಡೋದಿಲ್ಲ. ಒಂದು ಚಿತ್ರ, ನಾಲ್ಕಾರು ಮುಖಭಾವ, ಕೆಳಗೆ ಮಾತು, ಹಿಂದೆ ಸಂಗೀತ. ಕೋಪ ಬಂದರೆ ಮೇಜು ಗುದ್ದುತ್ತಾರೆ. ಮಾತಿನಲ್ಲಿ ತಪ್ಪು ಹಿಡಿದರೆ ಬೆರಳು ತೋರಿಸಿ 'ಆಕ್ಷೇಪ!' ಅಂತ ಕೂಗುತ್ತಾರೆ. ಅಷ್ಟೇ. ಇಪ್ಪತ್ತು ತಾಸು ಇಷ್ಟೇ.

"ಹಂಗಾರೆ ಇದು ತಾಳಮದ್ದಳೆನೇಯ," ಅಂದ ದೊಡ್ಡಪ್ಪ. ಅಂದು, ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ ಕೂತ.

ಹದಿನೈದು ವರ್ಷದಿಂದ ನಾನು ಜನರಿಗೆ ವಿಷುವಲ್ ನಾವೆಲ್ ಅಂದರೆ ಏನು ಅಂತ ವಿವರಿಸಲು ಒದ್ದಾಡುತ್ತಿದ್ದೇನೆ. ಪುಸ್ತಕವೂ ಅಲ್ಲ, ಆಟವೂ ಅಲ್ಲ, ಕಾರ್ಟೂನೂ ಅಲ್ಲ. ಗೆಳೆಯರು ಒಂದು ನಿಮಿಷ ನೋಡಿ 'ಇದರಲ್ಲಿ ಆಡೋದೇನು' ಅಂತ ಎದ್ದುಹೋಗುತ್ತಾರೆ. ಈ ಮನುಷ್ಯನಿಗೆ ಐದು ನಿಮಿಷ ಸಾಕಾಯಿತು. ವೇಷ ಇಲ್ಲ, ಕುಣಿತ ಇಲ್ಲ, ಎದುರುಬದುರು ಕೂತು ಮಾತೇ ಮಾತು. ಮಳೆಗಾಲದಲ್ಲಿ ಬಯಲಾಟ ನಿಂತಾಗ ಜಗಲಿಯಲ್ಲಿ ಕೂತು ಆಡೋದು. ದೊಡ್ಡ ಪಾರ್ಟಿ ಕಟ್ಟಿಕೊಂಡು, ಕತ್ತಿ ಹಿಡಿದು, ಊರೂರು ತಿರುಗಿ ಕೊನೆಗೆ ದೇವರನ್ನೇ ಹೊಡೆಯುವ ಡ್ರ್ಯಾಗನ್ ಕ್ವೆಸ್ಟು, ಫೈನಲ್ ಫ್ಯಾಂಟಸಿ ಎಲ್ಲ ಬಯಲಾಟ. ಇದು ತಾಳಮದ್ದಳೆ.

ಕೇಸು ಹೀಗಿದೆ. (2001ರ ಆಟ. ಬಯಲು ಮಾಡಬೇಡ ಅನ್ನುವವರು ಈ ಪ್ಯಾರಾ ಬಿಡಿ.) ಒಬ್ಬಳು ಹೆಂಗಸು ಮನೆಯಲ್ಲಿ ಕೊಲೆಯಾಗಿದ್ದಾಳೆ. ಸಾಕ್ಷಿ ಹೇಳೋಕೆ ಬಂದವನು ಪೇಪರ್ ಚಂದಾ ಮಾಡಿಸುವವನು. ಹೆಣ ನೋಡಿದ್ದು ಮಧ್ಯಾಹ್ನ 1 ಗಂಟೆಗೆ ಅನ್ನುತ್ತಾನೆ. ವೈದ್ಯರ ವರದಿ ನೋಡಿದರೆ ಸತ್ತದ್ದೇ 4 ಗಂಟೆಯ ಮೇಲೆ. ವಕೀಲ ಹಿಡಿದುಕೊಂಡ ಕೂಡಲೇ, ಟಿ.ವಿ.ಯಲ್ಲಿ ಸಮಯ ಕೇಳಿದೆ ಅನ್ನುತ್ತಾನೆ. ಸಾಕ್ಷಿಯ ಹೆಸರು ಸಾವಿಟ್. ಇಂಗ್ಲಿಷಿನಲ್ಲಿ 'ಸಾ ಇಟ್', ನೋಡಿದೆ ಅಂತ ತಮಾಷೆ. ದೊಡ್ಡಪ್ಪನಿಗೆ ಕೇಳಿದ್ದು 'ಸಾವಿಟ್ಟ'. "ಸಾವು ಇಟ್ಟಂವ ಹೇಳಿ ಹೆಸರೇ ಇದ್ದಲ, ಮತ್ತೆಂತ ವಿಚಾರಣೆ?" ಕನ್ನಡದಲ್ಲೇ ಜಾಸ್ತಿ ಹೊಂದುತ್ತದೆ.

ದಾಖಲೆಗಳ ಪಟ್ಟಿಯನ್ನ ಒಂದು ಸಲ ಓದಿ ಹೇಳಿದ್ದೆ. ಆ ಕಟ್ಟಡದಲ್ಲಿ ಅವತ್ತು ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ ಕರೆಂಟ್ ಇರಲಿಲ್ಲ ಅಂತ ಒಂದು ಕಾಗದ ಅದರಲ್ಲಿದೆ. ಹೊಸಬರು ಇಲ್ಲಿ ಎಲ್ಲ ಕಾಗದ ತಿರುವಿ ತಿರುವಿ ನೋಡುತ್ತಾರೆ. ಕಾಲೇಜಿನಲ್ಲಿ ನಾನೂ ಹಾಗೇ ಮಾಡಿದ್ದು. ದೊಡ್ಡಪ್ಪ ನಾನು ಸಾಲು ಮುಗಿಸಲೂ ಬಿಡಲಿಲ್ಲ.

"ಕರೆಂಟ್ ಇಲ್ಲೆ ಹೇಳಾದ್ಮೇಲೆ ಟಿ.ವಿ. ಹ್ಯಾಂಗೆ ನೋಡ್ದ ಅಂವ?"

ಮೇಣದಬತ್ತಿ ಬೆಳಕಿನಲ್ಲಿ ಕೂತು ಇದನ್ನ ಕೇಳಿದಾಗ ನಾನು ನಕ್ಕಿದ್ದು ಕೆಳಗಿನ ಮನೆಗೂ ಕೇಳಿರಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದೆ ಬದುಕಿದವನ ಹತ್ತಿರ ಈ ಸುಳ್ಳು ನಡೆಯುತ್ತದಾ?

ಟಿ.ವಿ. ಸುಳ್ಳಾದ ಮೇಲೆ ಸಾಕ್ಷಿ ಗಡಿಯಾರ ನೋಡಿದೆ ಅನ್ನುತ್ತಾನೆ. ಅಲ್ಲಿಂದ ಮುಂದೆ ದೊಡ್ಡಪ್ಪನೇ ಶುರು ಹಚ್ಚಿಕೊಂಡ. ನಾನು ಸಾಕ್ಷಿಯ ಮಾತನ್ನ ಎರಡು ವಾಕ್ಯದಲ್ಲಿ ಹೇಳೋದು, ಅವನು ವಕೀಲನಾಗಿ ಹತ್ತು ವಾಕ್ಯ. ಆಟದಲ್ಲಿ ಇಲ್ಲದ್ದೇ ಹೆಚ್ಚು. 'ಎಲೈ ಸಾವಿಟ್ಟನೇ' ಅಂತ ಶುರು. ಮನೆಬಾಗಿಲಿಗೆ ಪೇಪರ್ ಮಾರಲು ಬಂದವನಿಗೆ ಒಳಮನೆಯ ಗಡಿಯಾರದ ವಿಷಯ ಯಾಕೆ ಅಂತ ಒಂದು, ಸುಳ್ಳಿಗೆ ಕಾಲಿಲ್ಲದಿದ್ದರೂ ಗಡಿಯಾರಕ್ಕೆ ಮುಳ್ಳಿದೆ ಅಂತ ಇನ್ನೊಂದು. ನನ್ನ ಬೆರಳು ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ. ತೆರೆಯ ಮೇಲೆ ಆಟದ ವಕೀಲ ಫೀನಿಕ್ಸ್ ರೈಟ್ ಬೆವರು ಒರೆಸಿಕೊಳ್ಳದೆ ಹಾಗೇ ನಿಂತಿದ್ದ. ಪಾಪ, ಅವನ ಪಾತ್ರ ಹೋಗಿತ್ತು.

ಇದಕ್ಕೇ ನನಗೆ ಈ ಆಟಗಳು ಬೇಕು. ಇವು ಕಾಯುತ್ತವೆ. ಸರದಿಯ ಮೇಲೆ ಹೊಡೆದಾಡುವ ಆಟ ಹಳತಾಯಿತು, ಜನಕ್ಕೆ ಬೇಡ ಅಂತ ವರ್ಷಗಟ್ಟಲೆ ಹೇಳಿದರು. ಫೈನಲ್ ಫ್ಯಾಂಟಸಿಯವರೇ ನಂಬಿದರು. 2023ರ 16ನೇದರಲ್ಲಿ ಸರದಿ ಅನ್ನೋದೇ ಇಲ್ಲ, ಗುಂಡಿ ಕುಟ್ಟುತ್ತಲೇ ಇರಬೇಕು. ಈ ಏಪ್ರಿಲ್‌ನಲ್ಲಿ ಎಕ್ಸ್‌ಪೆಡಿಷನ್ 33 ಅಂತ ಬಂತು, ಫ್ರಾನ್ಸಿನವರು ಮಾಡಿದ್ದು, ಸರದಿಯದ್ದೇ. ಈಗ ಎಲ್ಲರೂ ಸರದಿ ಎಂಥಾ ಚಂದ ಅನ್ನುತ್ತಿದ್ದಾರೆ. ಅದರಲ್ಲೂ ಶತ್ರು ಹೊಡೆಯುವ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿ ತಪ್ಪಿಸಿಕೊಳ್ಳಬೇಕು, ಅಷ್ಟು ನನಗೆ ಹಿಡಿಸಲಿಲ್ಲ. ನನ್ನ ಸರದಿ ಬಂದಾಗ ಚಾ ಕುಡಿದು ಬರುವಷ್ಟು ಬಿಡುವು ಕೊಡಬೇಕು ಆಟ. ಸಣ್ಣ ಪುಟ್ಟ ರಾಕ್ಷಸರನ್ನ ಮತ್ತೆ ಮತ್ತೆ ಹೊಡೆದು ಲೆವೆಲ್ ಏರಿಸೋದು ಕೆಲವರಿಗೆ ಶಿಕ್ಷೆ. ನನಗೆ ಅದು ಅಡಿಕೆ ಸುಲಿದ ಹಾಗೆ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಬಾಯಿ ಊರಿನ ಸುದ್ದಿ ಆಡುತ್ತದೆ.

ಸಾವಿಟ್ಟ ಕೊನೆಗೆ ತಲೆಯ ಟೋಪನ್ನ ಕಿತ್ತು ವಕೀಲನ ಮುಖಕ್ಕೆ ಎಸೆದ. ಬಕ್ಕತಲೆ. ದೊಡ್ಡಪ್ಪ ಚಪ್ಪಾಳೆ ಹೊಡೆದ. ಉಳಿದದ್ದು ಗಡಿಯಾರದ ವಿಷಯ. ಕೊಲೆಗೆ ಬಳಸಿದ ಮೂರ್ತಿಯೇ ಮಾತಾಡುವ ಗಡಿಯಾರ, ಅದು ಕೋರ್ಟಿನಲ್ಲಿ 3 ತಾಸು ಹಿಂದೆ ತೋರಿಸುತ್ತಿದೆ. ಆದರೆ ಕೊಲೆಯಾದ ದಿನವೂ ಹಿಂದೆ ಇತ್ತು ಅನ್ನೋದಕ್ಕೆ ಏನು ಸಾಕ್ಷಿ? ಪಾಸ್‌ಪೋರ್ಟ್. ಆ ಹೆಂಗಸು ಆಗಷ್ಟೇ ಪ್ಯಾರಿಸ್ಸಿನಿಂದ ಬಂದವಳು, ಗಡಿಯಾರವನ್ನ ಊರ ಸಮಯಕ್ಕೆ ತಿರುಗಿಸಿಟ್ಟಿರಲಿಲ್ಲ.

"ಒಂದೇ ದಿನಕ್ಕೆ ಮುಗ್ದೋತ?" ಅಂದ.

ಆ ಲೋಕದಲ್ಲಿ ಯಾವ ಕೇಸೂ ಮೂರು ದಿನ ದಾಟುವ ಹಾಗಿಲ್ಲ, ಹಾಗೊಂದು ಕಾನೂನು ಅಂದೆ.

ಅವನು ಏನೂ ಅನ್ನಲಿಲ್ಲ. ಮೇಣದಬತ್ತಿಯ ಸುತ್ತ ಬಿದ್ದ ಮಳೆಹುಳದ ರೆಕ್ಕೆಗಳನ್ನ ಬೆರಳಿನಿಂದ ಒಂದು ಕಡೆಗೆ ಗುಡ್ಡೆ ಮಾಡಿದ. ನಾನು ಹೇಳಬಾರದಿತ್ತು.

ಮಾತು ತಿರುಗಿಸಲು ಸ್ಟೈನ್ಸ್ ಗೇಟ್ ಕಥೆ ಹೇಳಿದೆ. 2009ರ ವಿಷುವಲ್ ನಾವೆಲ್. ಮೈಕ್ರೋವೇವ್ ಒಲೆಯಿಂದ ಹಳೆಯ ಕಾಲಕ್ಕೆ ಸಂದೇಶ ಕಳಿಸುವ ಹುಚ್ಚ ಹುಡುಗ. ಅವನ ಗೆಳತಿ ಸಾಯುತ್ತಾಳೆ. ಹಿಂದಕ್ಕೆ ಹೋಗುತ್ತಾನೆ, ತಪ್ಪಿಸುತ್ತಾನೆ, ಮತ್ತೆ ಸಾಯುತ್ತಾಳೆ. ಬೇರೆ ದಾರಿ, ಬೇರೆ ರೀತಿ, ಸಾವು ಅದೇ. ಮೊದಲ ಸಲ ಓದಿದಾಗ ನಾನು ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಆದರೂ ಆಮೇಲೆ ನಾಲ್ಕು ಸಲ ಓದಿದೆ. ಸಾಯುತ್ತಾಳೆ ಅಂತ ಗೊತ್ತಿದ್ದೂ ಯಾಕೆ ಓದುತ್ತೀಯ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

"ವಾಲಿ ಸಾಯ್ತ ಹೇಳಿ ಎಲ್ಲರಿಗೂ ಗೊತ್ತಿದ್ದು," ಅಂದ ದೊಡ್ಡಪ್ಪ. "ಬಾಣ ಬಿದ್ದಾಗೋಜು. ಆದ್ರೂ ಎರಡು ತಾಸು ಕೂತ್ಕತ್ತ ಜನ. ಮರೆಲಿ ನಿಂತು ಎಂತಕ್ಕೆ ಹೊಡದೆ ಹೇಳಿ ಇಂವ ಕೇಳವು, ಅಂವ ಹೇಳವು."

ಇವನ ವಾಲಿಯನ್ನ ನಾನು ಚಿಕ್ಕವನಿದ್ದಾಗ ಕೇಳಿದ್ದೇನೆ. ರಾಮನ ಅರ್ಥ ಹೇಳುವವರು ಬೆವರುತ್ತಿದ್ದರು. ಪದ್ಯ ಅದೇ, ಕೊನೆ ಅದೇ, ಪ್ರತಿ ಸಲ ಮಾತು ಬೇರೆ. ಈಗ ಉಬ್ಬಸ. ಐದಾರು ವರ್ಷದಿಂದ ಅರ್ಥ ಹೇಳೋದಿಲ್ಲ, ಎದುರಿಗೆ ಕೂತು ಕೇಳುತ್ತಾನೆ ಅಷ್ಟೇ. ಇವತ್ತು ಸಾವಿಟ್ಟನ ಜೊತೆ ವಾದ ಮಾಡುವಾಗ ಮಧ್ಯೆ ಎರಡು ಸಲ ಉಸಿರು ಹಿಡಿದಿತ್ತು. ಆಟ ಕಾದಿತ್ತು. ನಾನೂ.

ಹತ್ತು ಗಂಟೆಗೆ ಮಲಗಲು ಹೋದ. ಹೋಗುವಾಗ, "ನಾಯಕಂಗೆ ಮಾತಿದ್ದು ಇದ್ರಲ್ಲಿ. ಸಂಜೆಗೆ ನೀ ಆಡದ್ರಲ್ಲಿ ಇಲ್ಯಲ, ಅದೆಂತ?" ಅಂದ. ನೋಡಿದ್ದಾನೆ! ಪರ್ಸೋನಾದ ಹುಡುಗ ಬಾಯಿ ಬಿಡೋದಿಲ್ಲ, ಅವನ ಮಾತು ನಾವೇ ಆರಿಸಬೇಕು ಅಂದೆ. ಅದು ಸೋಮಾರಿತನ ಅನ್ನುವ ಹಾಗೆ ಕೈ ಬೀಸಿ ಹೋದ. ಇದರ ಮೇಲೆ ನನಗೆ ಹೇಳಲು ತುಂಬ ಇದೆ, ಮೌನದ ನಾಯಕನ ಪರವಾಗಿ ನಾನು ಒಂದು ರಾತ್ರಿ ಪೂರ್ತಿ ವಾದ ಮಾಡಬಲ್ಲೆ, ನಾಳೆ ಹೇಗೂ ಇಬ್ಬರಿಗೂ ರಜೆ...

ಒಳಗೆ ಚೀಲದ ಸದ್ದು. ಮಲಗಿಲ್ಲ.

ಎದ್ದು ಬಂದ. ಕಾಗದದ ಕಟ್ಟು ಕೈಯಲ್ಲಿದೆ. "ಮಾಣಿ, ಆ ಗಡಿಯಾರ 3 ತಾಸು ಹಿಂದೆ ಅಲ್ದ, 9 ತಾಸು ಮುಂದೆ. ಪ್ಯಾರಿಸ್ಸು ಹೇಳಿದ್ಯಲ ನೀನು." ಸರಿ. ಆಟದಲ್ಲೂ ಕೊನೆಗೆ ವಕೀಲ ಅದನ್ನೇ ಹೇಳುತ್ತಾನೆ, ನಾನು ಅವಸರದಲ್ಲಿ ಹಾರಿಸಿದ್ದೆ. ಕತ್ತಲಲ್ಲಿ ಮಲಗಿ ಇದನ್ನ ಲೆಕ್ಕ ಹಾಕಿದ್ದಾನೆ.

"ಒಂದು ತಾರೀಕು ನೋಡಕು," ಅನ್ನುತ್ತಿದ್ದಾನೆ. "ಅಳತೆ ಮಾಡಿದ ದಿನ ಅಂವ ಊರಲ್ಲೇ ಇತ್ನಿಲ್ಲೆ ಹೇಳಿ ನೆನಪು. ಟಾರ್ಚ್ ಹಿಡಿ." ಚಾಪೆಯ ಮೇಲೆ ಕಾಗದ ಹರಡುತ್ತಿದ್ದಾನೆ, ಒಂದರ ಅಂಚು ಆಗಲೇ ಒದ್ದೆ. ಚಾರ್ಜ್ 9. ಮೊಬೈಲ್ ಎಲ್ಲಿಟ್ಟೆ ನಾನು